ಆಘಾತ ತರಂಗ ಚಿಕಿತ್ಸೆಯ ವಿರಳ ತೊಡಕುಗಳು

ಮೂತ್ರಪಿಂಡದಲ್ಲೋ ಮೂತ್ರನಾಳದಲ್ಲೋ ಕೂತ ಕಲ್ಲನ್ನು, ಮೈಗೆ ಕತ್ತಿ ತಾಗಿಸದೆ, ಹೊರಗಿನಿಂದಲೇ ಒತ್ತಡದ ಅಲೆಗಳನ್ನು ಹಾಯಿಸಿ ಪುಡಿಮಾಡುವ ವಿಧಾನವೇ ಆಘಾತ ತರಂಗ ಲಿಥೋಟ್ರಿಪ್ಸಿ. ಆಸ್ಪತ್ರೆಯ ಚೀಟಿಗಳಲ್ಲಿ ಇದು ಇ.ಎಸ್.ಡಬ್ಲ್ಯು.ಎಲ್.; ಜನರ ಬಾಯಲ್ಲಿ ‘ಶಾಕ್ ಕೊಟ್ಟು ಕಲ್ಲು ಒಡೆಯೋದು’. ವಿದ್ಯುತ್ತು ರೋಗಿಯ ಮೈಯೊಳಗೆ ಹೋಗುವುದಿಲ್ಲ, ಹೋಗುವುದು ಒತ್ತಡ ಮಾತ್ರ. ಚಿಕಿತ್ಸೆಯಾದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಾಗುವುದು, ಪಕ್ಕೆ ನೋಯುವುದು, ಬೆನ್ನ ಮೇಲಿನ ಚರ್ಮ ಕಂದುವುದು, ಚೂರುಗಳು ಇಳಿಯುವಾಗ ಸೆಳೆತ ಬರುವುದು ಎಲ್ಲರೂ ನಿರೀಕ್ಷಿಸುವ ಸಂಗತಿಗಳು. ಮೂತ್ರಪಿಂಡದ ಸುತ್ತ ರಕ್ತ ತುಂಬಿಕೊಳ್ಳುವುದು, ಗುಲ್ಮ ಒಡೆಯುವುದು, ಕರುಳು ತೂತಾಗುವುದು, ನಂಜು ರಕ್ತಕ್ಕೇರುವುದು ಮುಂತಾದವು ಹಾಗಲ್ಲ. ಅವು ಬಹಳ ಕಡಿಮೆ ಜನರಿಗೆ ಆಗುತ್ತವೆ. ಆದವರಿಗೆ ಮಾತ್ರ ಜೀವಕ್ಕೇ ಬರಬಹುದು. ಇವು ಎಲ್ಲೆಂದರಲ್ಲಿ ಬಂದೆರಗುವ ಆಕಸ್ಮಿಕಗಳಂತೆ ಕಂಡರೂ ಹೆಚ್ಚಿನವಕ್ಕೆ ಕಾರಣ ತರಂಗದ ಭೌತವಿಜ್ಞಾನದಲ್ಲೇ ಇದೆ. ಅಲೆ ಯಾವ ದಾರಿ ಹಿಡಿಯಿತು, ಆ ದಾರಿಯಲ್ಲಿ ಏನಿತ್ತು ಎಂದು ನೋಡಿದರೆ ಬಹುಪಾಲು ತೊಡಕುಗಳು ಮೊದಲೇ ಊಹಿಸಬಹುದಾದವು.

ಹಿನ್ನೆಲೆ

ಈ ವಿಧಾನ ಹುಟ್ಟಿದ್ದು ವಿಮಾನ ಕಾರ್ಖಾನೆಯಲ್ಲಿ. ಶಬ್ದವೇಗವನ್ನು ಮೀರಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹಕ್ಕೆ ಆಗುವ ಹಾನಿಯನ್ನು ಜರ್ಮನಿಯ ಡಾರ್ನಿಯರ್ ಕಂಪನಿ 1960ರ ದಶಕದಲ್ಲಿ ಅಭ್ಯಾಸ ಮಾಡುತ್ತಿತ್ತು. ಹನಿ ಬಡಿದ ಜಾಗದಲ್ಲಿ ಹುಟ್ಟುವ ಆಘಾತ ತರಂಗ ಲೋಹದೊಳಗೆ ಸಾಗಿ ದೂರದಲ್ಲೂ ಹಾನಿ ಮಾಡಬಲ್ಲದು ಎಂಬ ತಿಳಿವನ್ನು ವೈದ್ಯಕೀಯಕ್ಕೆ ತಿರುಗಿಸುವ ಕೆಲಸ ಮ್ಯೂನಿಕ್ ವಿಶ್ವವಿದ್ಯಾಲಯದ ವೈದ್ಯರೊಡನೆ ಸೇರಿ ನಡೆಯಿತು. ಎಗ್ಬರ್ಟ್ ಶ್ಮೀಟ್, ಫರ್ಡಿನಾಂಡ್ ಐಸೆನ್‌ಬರ್ಗರ್, ಕ್ರಿಸ್ಟಿಯಾನ್ ಶೋಸಿ ಈ ತಂಡದಲ್ಲಿದ್ದರು. ನಾಯಿಗಳ ಮೇಲಿನ ಪ್ರಯೋಗಗಳ ನಂತರ 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟರು. ಸುಧಾರಿಸಿದ ಎಚ್.ಎಂ.-3 ಯಂತ್ರಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1984ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಪಕ್ಕೆ ಸೀಳಿ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು.

ಆ ಉತ್ಸಾಹದಲ್ಲಿ ತರಂಗ ಕಲ್ಲನ್ನಷ್ಟೇ ಒಡೆಯುತ್ತದೆ, ಮಾಂಸಕ್ಕೆ ಏನೂ ಮಾಡುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದು ಬಹಳ ದಿನ ನಿಲ್ಲಲಿಲ್ಲ. 1980ರ ದಶಕದ ನಡುವಿನಲ್ಲೇ, ಚಿಕಿತ್ಸೆಯ ಹಿಂದೆಯೇ ಎಂ.ಆರ್.ಐ. ಮಾಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮೂತ್ರಪಿಂಡಗಳಲ್ಲಿ ಬಾವೋ ರಕ್ತದ ಕುರುಹೋ ಕಂಡುಬಂದ ವರದಿ ಅಮೆರಿಕದಿಂದ ಬಂತು. ರೋಗಿಗಳು ಮಾತ್ರ ಆರಾಮವಾಗಿ ಓಡಾಡಿಕೊಂಡಿದ್ದರು.

ಗಾಯವಾಗುವ ಬಗೆ

ಒಂದೊಂದು ತರಂಗವೂ ಸುಮಾರು ಒಂದು ಮೈಕ್ರೋಸೆಕೆಂಡು ಮಾತ್ರ ಇರುವ ತೀವ್ರ ಒತ್ತಡ. ಅಲೆ ಬಂದು ಕೂಡುವ ಜಾಗದಲ್ಲಿ, ಅಂದರೆ ನಾಭಿಯಲ್ಲಿ (ಫೋಕಸ್), ಅದು ವಾತಾವರಣದ ಒತ್ತಡದ ನೂರಾರು ಪಟ್ಟು ಇರುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತರುವಂತೆ, ಯಂತ್ರ ಅಗಲವಾಗಿ ಹೊರಟ ಅಲೆಯನ್ನು ಕಲ್ಲಿರುವ ಜಾಗಕ್ಕೆ ತಂದು ಸೇರಿಸುತ್ತದೆ. ಹಾಗಾಗಿ ಚರ್ಮದ ಬಳಿ ಅದು ಮೆತ್ತಗಿದ್ದು ಒಳಗೆ ಹೋದಂತೆ ಬಲವಾಗುತ್ತದೆ. ಆದರೆ ನಾಭಿ ಒಂದು ಬಿಂದುವಲ್ಲ. ಯಂತ್ರಕ್ಕೆ ತಕ್ಕಂತೆ ಕೆಲವು ಮಿಲಿಮೀಟರ್‌ನಿಂದ ಒಂದೂವರೆ ಸೆಂಟಿಮೀಟರ್‌ವರೆಗೆ ಅಗಲವಿದ್ದು, ಉದ್ದ ಅದಕ್ಕಿಂತ ಹಲವು ಪಟ್ಟಿರುವ ಚುರುಟಿನಾಕಾರದ ಪ್ರದೇಶ ಅದು. ಜೊತೆಗೆ ಮೂತ್ರಪಿಂಡ ಉಸಿರಿನೊಡನೆ ಮೇಲೆ ಕೆಳಗೆ ಸರಿಯುತ್ತಲೇ ಇರುತ್ತದೆ. ಒಂದು ಸರದಿಯಲ್ಲಿ ಕೊಡುವ ಎರಡು ಮೂರು ಸಾವಿರ ಹೊಡೆತಗಳಲ್ಲಿ ಗಣನೀಯ ಪಾಲು ಕಲ್ಲಿಗೆ ತಗುಲದೆ ಸುತ್ತಲಿನ ಅಂಗಾಂಶಕ್ಕೆ ಹೋಗುತ್ತದೆ.

ಒತ್ತಡದ ಹಿಂದೆಯೇ ಕ್ಷಣಿಕವಾದ ಎಳೆತವೊಂದು ಬರುತ್ತದೆ. ಆ ಎಳೆತಕ್ಕೆ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಹಿಗ್ಗಿ, ಬಳಿಕ ಕುಸಿದು ಒಡೆಯುತ್ತವೆ. ಕಲ್ಲಿನ ಮೇಲ್ಮೈಯನ್ನು ಸವೆಸುವುದು ಈ ಗುಳ್ಳೆಗಳೇ. ರಕ್ತನಾಳದೊಳಗೆ ಹುಟ್ಟಿದರೆ ನಾಳದ ಗೋಡೆಯನ್ನು ಹರಿಯುವುದೂ ಇವೇ. ಗೋಡೆ ತೆಳ್ಳಗಿರುವ ಲೋಮನಾಳಗಳೂ ಸಣ್ಣ ಸಿರೆಗಳೂ ಮೊದಲು ಒಡೆಯುತ್ತವೆ. ಚಿಕಿತ್ಸೆಯ ನಂತರ ಹೆಚ್ಚುಕಡಿಮೆ ಎಲ್ಲರ ಮೂತ್ರವೂ ಕೆಂಪಾಗುವುದಕ್ಕೆ ಇದೇ ಕಾರಣ. ಇನ್ನೊಂದು ಸಂಗತಿ ಗಾಳಿಯದು. ನೀರು ಮತ್ತು ಮಾಂಸ ತರಂಗಕ್ಕೆ ಬಹುಮಟ್ಟಿಗೆ ಒಂದೇ. ಹಾಗಾಗಿ ಅದು ತಡೆಯಿಲ್ಲದೆ ಸಾಗುತ್ತದೆ. ಗಾಳಿ ಇದ್ದಲ್ಲಿ ಮಾತ್ರ ಅಲೆ ಮುಂದೆ ಹೋಗಲಾರದೆ ಹಿಂದಕ್ಕೆ ಚಿಮ್ಮುತ್ತದೆ, ಆ ಅಂಚಿನಲ್ಲೇ ತನ್ನ ಶಕ್ತಿಯನ್ನು ಕಕ್ಕುತ್ತದೆ. ಶ್ವಾಸಕೋಶ, ಕರುಳುಗಳಿಗೆ ಆಗುವ ಗಾಯದ ಮೂಲ ಅಲ್ಲಿದೆ.

ಮೂತ್ರಪಿಂಡದ ಸುತ್ತ ರಕ್ತ

ಅಪರೂಪದ ತೊಡಕುಗಳಲ್ಲಿ ವೈದ್ಯರು ಹೆಚ್ಚಾಗಿ ಕಾಣುವುದು ಇದನ್ನು, ಹೆಚ್ಚಾಗಿ ಹೆದರುವುದೂ ಇದಕ್ಕೇ. ಮೂತ್ರಪಿಂಡದ ಮೇಲೆ ಬಿಗಿಯಾದ ತೆಳುಪೊರೆಯಿದೆ. ಒಡೆದ ನಾಳದ ರಕ್ತ ಆ ಪೊರೆಯಡಿಯಲ್ಲಿ ಅಥವಾ ಅದನ್ನು ದಾಟಿ ಸುತ್ತಲಿನ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಇದು ಎಷ್ಟು ಜನರಿಗೆ ಆಗುತ್ತದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸರಿ. ನೋವೋ ತಲೆಸುತ್ತೋ ಬಂದು ಪತ್ತೆಯಾಗುವ ರಕ್ತಗಡ್ಡೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಯಾವ ತೊಂದರೆಯೂ ಇಲ್ಲದವರನ್ನೂ ಸ್ಕ್ಯಾನ್ ಮಾಡಿ ಹುಡುಕಿದರೆ, ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುವಂತೆ, ನೂರಕ್ಕೆ 4ರಿಂದ 19. ಹೀಗಾಗಿ ‘ನಮ್ಮಲ್ಲಿ ಒಂದೂ ಆಗಿಲ್ಲ’ ಎನ್ನುವ ಆಸ್ಪತ್ರೆ ಬಹಳ ಎಚ್ಚರದ್ದೂ ಇರಬಹುದು, ಹುಡುಕಿಯೇ ನೋಡದ್ದೂ ಇರಬಹುದು. ವಿರಳ ಎಂಬ ಮಾತನ್ನು ಎಲ್ಲಿ ಕೇಳಿದರೂ, ನೋಡಿದವರು ಯಾರು, ಯಾವ ಸಾಧನದಿಂದ ನೋಡಿದರು ಎಂದು ವಿಚಾರಿಸುವುದು ಒಳ್ಳೆಯದು.

ಯಾರಿಗೆ ಹೆಚ್ಚು ಎಂಬುದು ಸಾಕಷ್ಟು ಖಚಿತವಾಗಿದೆ. ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಈ ಪಟ್ಟಿಯಲ್ಲಿ ಮುಂದಿದ್ದಾರೆ. ಚಿಕಿತ್ಸೆಯ ದಿನ ಒತ್ತಡ ಏರಿದ್ದರೆ ಅಪಾಯವೂ ಏರುತ್ತದೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಹುಟ್ಟಿನಿಂದ ರಕ್ತ ಹೆಪ್ಪುಗಟ್ಟುವಲ್ಲಿ ದೋಷವಿರುವವರು, ವಯಸ್ಸಾದವರು, ಮಧುಮೇಹಿಗಳು ಇದೇ ಪಟ್ಟಿಗೆ ಸೇರುತ್ತಾರೆ. ‘ಹೃದಯಕ್ಕೆ ದಿನಾ ಒಂದು ಸಣ್ಣ ಮಾತ್ರೆ’ ಎಂದು ರೋಗಿ ಹೇಳುವುದನ್ನು ಮರೆತರೆ, ವೈದ್ಯರು ಕೇಳುವುದನ್ನು ಮರೆತರೆ, ಯಂತ್ರ ಎಷ್ಟು ಹೊಸದಾದರೂ ಉಪಯೋಗವಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಹೃದ್ರೋಗಿಯಲ್ಲಿ ಆ ಮಾತ್ರೆಯನ್ನು ನಿಲ್ಲಿಸುವುದೂ ಅಪಾಯವೇ. ಅಂಥವರಿಗೆ ಮೂತ್ರದ ದಾರಿಯಲ್ಲಿ ದುರ್ಬೀನು ಕಳಿಸಿ ಲೇಸರ್‌ನಿಂದ ಕಲ್ಲು ಒಡೆಯುವುದು ಮೇಲು.

ಹೆಚ್ಚಿನ ರಕ್ತಗಡ್ಡೆಗಳು ತಾವಾಗಿ ಕರಗುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ರೋಗಿಯನ್ನು ಮಲಗಿಸಿ, ಹಿಮೋಗ್ಲೋಬಿನ್ ನೋಡುತ್ತಾ, ಬೇಕಾದರೆ ರಕ್ತ ಕೊಟ್ಟು ಕಾಯುವುದು ರೂಢಿ. ರಕ್ತ ನಿಲ್ಲದಿದ್ದರೆ ತೊಡೆಸಂದಿನ ಧಮನಿಯಿಂದ ಸಣ್ಣ ಕೊಳವೆ ಹಾಯಿಸಿ ಸೋರುವ ನಾಳವನ್ನು ಮುಚ್ಚುತ್ತಾರೆ. ಮೂತ್ರಪಿಂಡವನ್ನೇ ತೆಗೆಯಬೇಕಾಗಿ ಬಂದದ್ದೂ ಉಂಟು, ಬಹಳ ಅಪರೂಪಕ್ಕೆ.

ಪೊರೆಯಡಿಯ ರಕ್ತಕ್ಕೆ ಇನ್ನೊಂದು ವಿಚಿತ್ರ ಪರಿಣಾಮವಿದೆ. 1939ರಲ್ಲಿ ಅಮೆರಿಕದ ಅರ್ವಿನ್ ಪೇಜ್ ನಾಯಿಗಳ ಮೂತ್ರಪಿಂಡಕ್ಕೆ ಸೆಲೊಫೇನ್ ಹಾಳೆ ಸುತ್ತಿ, ಅದರಿಂದ ರಕ್ತದೊತ್ತಡ ಏರುವುದನ್ನು ತೋರಿಸಿದ್ದರು. ಹೊರಗಿನ ಒತ್ತು ಮೂತ್ರಪಿಂಡದ ರಕ್ತ ಸಂಚಾರವನ್ನು ತಗ್ಗಿಸುತ್ತದೆ, ದೇಹಕ್ಕೇ ರಕ್ತ ಸಾಲುತ್ತಿಲ್ಲವೆಂದು ತಪ್ಪಾಗಿ ತಿಳಿದ ಮೂತ್ರಪಿಂಡ ರೆನಿನ್ ಸುರಿಸುತ್ತದೆ, ಒತ್ತಡ ಏರುತ್ತದೆ. ಲಿಥೋಟ್ರಿಪ್ಸಿಯ ನಂತರದ ರಕ್ತಗಡ್ಡೆಯೂ ಆ ಸೆಲೊಫೇನಿನ ಕೆಲಸವನ್ನೇ ಮಾಡಬಲ್ಲದು. ಇದಕ್ಕೆ ಪೇಜ್ ಮೂತ್ರಪಿಂಡ ಎಂದೇ ಹೆಸರು. ಚಿಕಿತ್ಸೆಯ ತನಕ ಸರಿಯಿದ್ದ ಒತ್ತಡ ಕೆಲವೇ ದಿನಗಳಲ್ಲಿ ದಿಢೀರನೆ ಮೇಲೇರಿದರೆ ಇದನ್ನು ನೆನೆಯಬೇಕು. ಇರುವುದೇ ಒಂದು ಮೂತ್ರಪಿಂಡ, ಅದರ ಮೇಲೇ ಈ ಒತ್ತು ಬಿದ್ದರೆ ಮೂತ್ರ ನಿಂತೇ ಹೋಗಬಹುದು.

ನೆರೆಯ ಅಂಗಗಳು

ಎಡ ಮೂತ್ರಪಿಂಡದ ಮೇಲ್ತುದಿಗೆ ಗುಲ್ಮ ತಾಗಿಕೊಂಡಿದೆ, ಬಲದ್ದಕ್ಕೆ ಯಕೃತ್ತು. ಎರಡೂ ರಕ್ತ ತುಂಬಿದ ಮೃದು ಅಂಗಗಳು. ಗುಲ್ಮ ಸೀಳಿದ ಪ್ರಕರಣಗಳು ಲೋಕದಾದ್ಯಂತ ಬಿಡಿಬಿಡಿಯಾಗಿ ವರದಿಯಾಗಿವೆ. ಯಕೃತ್ತಿನ ಪೊರೆಯಡಿ ರಕ್ತ ತುಂಬಿದವೂ ಹಾಗೆಯೇ. ಇಲ್ಲಿ ಅಪಾಯವಿರುವುದು ತಡದಲ್ಲಿ. ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೋದವರಿಗೆ ಗಂಟೆಗಳ ಮೇಲೆ, ಕೆಲವೊಮ್ಮೆ ದಿನ ಕಳೆದು, ಹೊಟ್ಟೆನೋವು ಏರುತ್ತದೆ. ಪಕ್ಕೆನೋವು ಹೇಗೂ ನಿರೀಕ್ಷಿತವಾದ್ದರಿಂದ ನೋವಿನ ಮಾತ್ರೆ ಕೊಟ್ಟು ಕಳಿಸುವ ಸಂಭವ ಜಾಸ್ತಿ. ನೋವು ಎಡಭುಜಕ್ಕೆ ಹಬ್ಬಿದರೆ, ಬೆವರಿ ಬಿಳಿಚಿಕೊಂಡರೆ, ನಾಡಿ ಓಡತೊಡಗಿದರೆ ಅದು ಕಲ್ಲಿನ ನೋವಲ್ಲ.

ಎಡ ಮೂತ್ರಪಿಂಡದ ಮುಂದೆಯೇ ಮೇದೋಜೀರಕ ಗ್ರಂಥಿಯ ಬಾಲವಿದೆ. ಚಿಕಿತ್ಸೆಯ ನಂತರ ರಕ್ತದಲ್ಲಿ ಅಮೈಲೇಸ್ ಸ್ವಲ್ಪ ಏರಿ ಸದ್ದಿಲ್ಲದೆ ಇಳಿಯುವುದುಂಟು; ನಿಜವಾದ ಉರಿಯೂತವಾಗಿ ರೋಗಿ ನರಳಿದ ಪ್ರಕರಣಗಳು ಬೆರಳೆಣಿಕೆಯವು. ಇದೇ ತರಂಗವನ್ನು ಮೇದೋಜೀರಕದ ನಾಳದಲ್ಲಿನ ಕಲ್ಲುಗಳ ಮೇಲೆ ಬೇಕೆಂದೇ ಪ್ರಯೋಗಿಸುತ್ತಾರೆ, ಅಲ್ಲಿ ಅದು ಒಪ್ಪಿತ ಚಿಕಿತ್ಸೆ. ತರಂಗದ ಮಟ್ಟಿಗೆ ಆ ಗ್ರಂಥಿ ನಾವು ಅಂದುಕೊಳ್ಳುವಷ್ಟು ನಾಜೂಕಿನದಲ್ಲವೆಂದು ಕಾಣುತ್ತದೆ.

ಕರುಳಿನ ಮಾತು ಬೇರೆ, ಅಲ್ಲಿ ಗಾಳಿ ಇದೆ. ಮೂತ್ರನಾಳದ ಕೆಳಭಾಗದ ಕಲ್ಲಿಗೆ ಹಿಂದಿನಿಂದ ತರಂಗ ಬಿಟ್ಟರೆ ಸೊಂಟದ ಮೂಳೆ ಅಡ್ಡ ಬರುತ್ತದೆ. ಅದಕ್ಕಾಗಿ ರೋಗಿಯನ್ನು ಬೋರಲಾಗಿ ಮಲಗಿಸಿ ಹೊಟ್ಟೆಯ ಕಡೆಯಿಂದ ಬಿಡುವ ಪದ್ಧತಿಯಿದೆ. ಆಗ ಗಾಳಿ ತುಂಬಿದ ಕರುಳು ನೇರ ದಾರಿಯಲ್ಲೇ ಸಿಗುತ್ತದೆ. ಹೆಚ್ಚಿನವರಿಗೆ ಕರುಳಿನ ಒಳಪದರದಲ್ಲಿ ಚುಕ್ಕೆ ಚುಕ್ಕೆಯಾಗಿ ರಕ್ತ ಜಿನುಗುವುದಕ್ಕೆ ಮುಗಿಯುತ್ತದೆ. ತೂತಾದರೆ ಹೊಟ್ಟೆ ಕಲ್ಲಾಗಿ, ಜ್ವರ ಬಂದು, ತುರ್ತು ಶಸ್ತ್ರಚಿಕಿತ್ಸೆಯೇ ಗತಿ. ವರದಿಯಾದ ತೂತುಗಳಲ್ಲಿ ಬೋರಲು ಮಲಗಿಸಿ ಮೂತ್ರನಾಳದ ಕಲ್ಲು ಒಡೆದವು ಗಮನ ಸೆಳೆಯುವಷ್ಟಿವೆ.

ಶ್ವಾಸಕೋಶದ ವಿಷಯ ಮೊದಲಿನ ಪ್ರಾಣಿ ಪ್ರಯೋಗಗಳಲ್ಲೇ ಗೊತ್ತಿತ್ತು: ಎದೆಗೆ ತರಂಗ ತಗುಲಿದರೆ ಒಳಗೆ ರಕ್ತಸ್ರಾವ. ದೊಡ್ಡವರಲ್ಲಿ ಶ್ವಾಸಕೋಶದ ತಳ ತರಂಗದ ದಾರಿಯಿಂದ ದೂರವಿರುವುದರಿಂದ ತೊಂದರೆ ಬಹಳ ಕಡಿಮೆ. ಸಣ್ಣ ಮಕ್ಕಳ ಮೈಯಲ್ಲಿ ಆ ಅಂತರವೇ ಇರುವುದಿಲ್ಲ. ಚಿಕಿತ್ಸೆಯ ಬಳಿಕ ಕೆಮ್ಮಿದಾಗ ರಕ್ತ ಬಂದ ಮಕ್ಕಳ ವರದಿಗಳಿವೆ. ಪರಿಹಾರ ಅಗ್ಗದ್ದು: ಎದೆಯ ಕೆಳಭಾಗಕ್ಕೆ ಥರ್ಮೋಕೋಲ್ ಹಾಳೆ ಅಡ್ಡ ಇಡುವುದು. ಅದರೊಳಗಿನ ಗಾಳಿಯೇ ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ. ಗಾಯ ಮಾಡುವ ಅದೇ ಗುಣವನ್ನು ಗುರಾಣಿಯಾಗಿ ಬಳಸಿಕೊಂಡ ಈ ಉಪಾಯ ಚೆನ್ನಾಗಿದೆ.

ಹೊಟ್ಟೆಯ ಮಹಾಧಮನಿ ಉಬ್ಬಿಕೊಂಡಿರುವವರಲ್ಲಿ ಚಿಕಿತ್ಸೆಯ ನಂತರ ಅದು ಒಡೆದ ವರದಿಗಳಿವೆ. ಆ ಉಬ್ಬು ಹೇಗೂ ಒಡೆಯುತ್ತಿತ್ತೋ ತರಂಗವೇ ಒಡೆಯಿತೋ ಎಂಬ ವಾದ ಬಗೆಹರಿದಿಲ್ಲ. ಕಲ್ಲಿನ ಬಳಿಯೇ ಧಮನಿ ಉಬ್ಬಿದ್ದರೆ ಈ ಚಿಕಿತ್ಸೆ ಬೇಡ ಎಂಬುದು ಮಾತ್ರ ಮಾರ್ಗಸೂಚಿಗಳಲ್ಲಿ ಇದೆ.

ನಂಜು

ರಕ್ತಸ್ರಾವದ ನಂತರ ಭಯಪಡಬೇಕಾದದ್ದು ಸೋಂಕಿಗೆ. ಕೆಲವು ಕಲ್ಲುಗಳು ಬ್ಯಾಕ್ಟೀರಿಯಾಗಳ ಕೆಲಸದಿಂದಲೇ ಬೆಳೆದವು. ಅವುಗಳ ಪದರಪದರದಲ್ಲೂ ಜೀವಂತ ಬ್ಯಾಕ್ಟೀರಿಯಾ ಅಡಗಿರುತ್ತವೆ. ಕಲ್ಲು ಪುಡಿಯಾದಾಗ ಅವು ಹೊರಬಿದ್ದು, ಒಡೆದ ಸಿರೆಗಳ ಮೂಲಕ ನೇರ ರಕ್ತಕ್ಕೆ ಸೇರುತ್ತವೆ. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೂ ಕಲ್ಲಿನೊಳಗೆ ಸೋಂಕು ಇರಬಹುದು ಎಂಬುದು ಇಲ್ಲಿನ ತೊಡಕು. ಒಟ್ಟಾರೆ ನೂರಕ್ಕೆ ಒಂದರಿಂದ ಮೂರರೊಳಗೆ ನಂಜು ರಕ್ತಕ್ಕೇರುತ್ತದೆ. ದೊಡ್ಡ ಸೋಂಕಿನ ಕಲ್ಲುಗಳಲ್ಲಿ ಇನ್ನೂ ಹೆಚ್ಚು. ಪುಡಿಯಾದ ಚೂರುಗಳು ಮೂತ್ರನಾಳದಲ್ಲಿ ಸಾಲುಗಟ್ಟಿ ದಾರಿ ಕಟ್ಟಿದರೆ, ಅದರ ಹಿಂದೆ ಕೊಳೆತ ಮೂತ್ರ ನಿಂತರೆ, ಪರಿಸ್ಥಿತಿ ಗಂಟೆಗಳಲ್ಲಿ ಕೈಮೀರುತ್ತದೆ. ಆಗ ಆಂಟಿಬಯಾಟಿಕ್ ಒಂದೇ ಸಾಲದು. ಬೆನ್ನಿನಿಂದ ಕೊಳವೆ ಇಟ್ಟೋ ಒಳಗಿನಿಂದ ಸ್ಟೆಂಟ್ ಹಾಕಿಯೋ ಮೂತ್ರಕ್ಕೆ ದಾರಿ ಬಿಡಿಸಲೇಬೇಕು.

ಇನ್ನೂ ಅಪರೂಪವಾಗಿ, ಸೋಂಕು ಬೆನ್ನುಮೂಳೆಯ ಪಕ್ಕದ ಸ್ನಾಯುವಿನಲ್ಲಿ ಕೀವಾಗಿ ನಿಂತಿದೆ, ಹೃದಯದ ಕವಾಟಕ್ಕೆ ಹತ್ತಿದೆ. ನಮ್ಮ ದೇಶದ ವೈದ್ಯರು ನೆನಪಿಡಬೇಕಾದ ಇನ್ನೊಂದು ವರದಿ 1990ರ ಸುಮಾರಿನದು: ಮೂತ್ರಪಿಂಡದಲ್ಲಿ ಹುದುಗಿದ್ದ ಕ್ಷಯ, ತರಂಗ ಚಿಕಿತ್ಸೆಯ ನಂತರ ಮೈಯೆಲ್ಲ ಹರಡಿದ್ದು. ಮೂತ್ರದಲ್ಲಿ ಕೀವುಕಣಗಳಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದ ರೋಗಿಯ ಕಲ್ಲನ್ನು ಒಡೆಯುವ ಮುನ್ನ ಕ್ಷಯವನ್ನು ಒಮ್ಮೆ ಹುಡುಕುವುದು ಇಲ್ಲಿ ಅತಿ ಎಚ್ಚರವಾಗಲಾರದು.

ಹೃದಯ, ಗರ್ಭ ಮತ್ತು ಕೆಲವು ವಿಚಿತ್ರಗಳು

ತರಂಗದ ಹೊಡೆತಕ್ಕೆ ಹೃದಯ ಆಗಾಗ ಒಂದು ಮಿಡಿತ ಹೆಚ್ಚಿಗೆ ಮಿಡಿಯುವುದು ವಿರಳವೇ ಅಲ್ಲ, ಗಂಭೀರವಾಗುವುದು ವಿರಳ. ಮೊದಲ ಯಂತ್ರಗಳಲ್ಲಿ ಹೊಡೆತವನ್ನು ಇ.ಸಿ.ಜಿ.ಯ ಎತ್ತರದ ಅಲೆಗೆ ಜೋಡಿಸಿ, ಹೃದಯ ಹೊಸ ಪ್ರಚೋದನೆಗೆ ಓಗೊಡದ ಕ್ಷಣದಲ್ಲೇ ಬಿಡುತ್ತಿದ್ದರು. ಈಗ ಹೆಚ್ಚಿನವರಿಗೆ ಅದು ಬೇಕಿಲ್ಲ. ಲಯ ತಪ್ಪಿದರೆ ಹೊಡೆತ ನಿಲ್ಲಿಸಿದರೆ ಸಾಕು, ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಪೇಸ್‌ಮೇಕರ್ ಇರುವವರಿಗೂ ಹೃದ್ರೋಗ ತಜ್ಞರ ಸಲಹೆಯೊಂದಿಗೆ ಚಿಕಿತ್ಸೆ ಕೊಡಬಹುದು, ಅದು ತರಂಗದ ದಾರಿಯಲ್ಲಿ ಇಲ್ಲದಿದ್ದರೆ.

ಗರ್ಭಿಣಿಯರಿಗೆ ಈ ಚಿಕಿತ್ಸೆ ನಿಷಿದ್ಧ. ಗರ್ಭ ನಿಂತದ್ದು ತಿಳಿಯುವ ಮುನ್ನ ಚಿಕಿತ್ಸೆ ಪಡೆದು, ಬಳಿಕ ಆರೋಗ್ಯವಂತ ಮಕ್ಕಳನ್ನು ಹೆತ್ತವರ ವರದಿಗಳಿವೆ. ಅವು ಹೆದರಿದವರಿಗೆ ಸಮಾಧಾನ ಹೇಳಲು ಸಾಕು, ನಿಯಮ ಸಡಿಲಿಸಲು ಸಾಲದು. ಮೂತ್ರನಾಳದ ತುದಿಯ ಕಲ್ಲು ಒಡೆಸಿಕೊಂಡ ಗಂಡಸರಲ್ಲಿ ವೀರ್ಯದಲ್ಲಿ ಕೆಲಕಾಲ ರಕ್ತ ಕಾಣಿಸಬಹುದು, ಅದು ತಾತ್ಕಾಲಿಕ.

ವೈದ್ಯಲೋಕಕ್ಕೂ ಅಚ್ಚರಿ ತಂದದ್ದು ಬೇರೊಂದು. ಚಿಕಿತ್ಸೆಯಾದ ಕೆಲವು ತಿಂಗಳ ಮೇಲೆ, ಮೂತ್ರಪಿಂಡದ ಸೋಸುಪೊರೆಯ ವಿರುದ್ಧ ದೇಹವೇ ಪ್ರತಿಕಾಯಗಳನ್ನು ತಯಾರಿಸಿ, ಎರಡೂ ಮೂತ್ರಪಿಂಡಗಳು ವೇಗವಾಗಿ ಹಾಳಾದ ಪ್ರಕರಣಗಳು ಬೇರೆ ಬೇರೆ ದೇಶಗಳಿಂದ ಬಂದಿವೆ. ತರಂಗಕ್ಕೆ ಪೊರೆ ಹರಿದು, ಸಾಮಾನ್ಯವಾಗಿ ಮುಚ್ಚಿರುವ ಪ್ರೋಟೀನ್ ತುಣುಕುಗಳು ಬಯಲಿಗೆ ಬಂದು ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ ಎಂಬುದು ವಿವರಣೆ. ಲಕ್ಷಾಂತರ ಜನ ಚಿಕಿತ್ಸೆ ಪಡೆದಿರುವಾಗ ಇವು ಕಾಕತಾಳೀಯವೇ ಎಂದು ಕೇಳಬಹುದು. ಬಿಡಿ ಪ್ರಕರಣಗಳ ವರದಿಗಳಿಗೆ ಛೇದವಿಲ್ಲ, ಅಂಶ ಮಾತ್ರ. ಅವುಗಳಿಂದ ಪ್ರಮಾಣ ಲೆಕ್ಕ ಹಾಕುವ ಹಾಗಿಲ್ಲ.

ದೀರ್ಘಕಾಲದ ಚರ್ಚೆ

2006ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡವೊಂದು, 1985ರಲ್ಲಿ ಎಚ್.ಎಂ.-3 ಯಂತ್ರದಿಂದ ಚಿಕಿತ್ಸೆ ಪಡೆದವರನ್ನು 19 ವರ್ಷಗಳ ನಂತರ ವಿಚಾರಿಸಿ, ಅವರಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ಹೆಚ್ಚಿಗೆ ಕಂಡಿವೆ ಎಂದು ಪ್ರಕಟಿಸಿತು. ಎರಡೂ ಬದಿಗೆ ಚಿಕಿತ್ಸೆ ಪಡೆದವರಲ್ಲಿ ಒತ್ತಡದ ನಂಟು ಎದ್ದು ಕಂಡಿತ್ತು. ಮಧುಮೇಹ ಹೊಡೆತಗಳ ಸಂಖ್ಯೆ ಮತ್ತು ತೀವ್ರತೆಯೊಂದಿಗೆ ಏರಿತ್ತು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ಆದರೆ ಕಲ್ಲು ಕಟ್ಟುವ ಪ್ರವೃತ್ತಿಗೂ ಈ ಎರಡು ಕಾಯಿಲೆಗಳಿಗೂ ಮೊದಲೇ ನಂಟಿದೆ. ಮಿನ್ನೆಸೋಟದ ಓಮ್‌ಸ್ಟೆಡ್ ಕೌಂಟಿಯ ಜನರನ್ನಿಟ್ಟುಕೊಂಡು ನಂತರ ನಡೆದ ಅಧ್ಯಯನದಲ್ಲಿ ಮಧುಮೇಹದ ನಂಟು ಕಾಣಲಿಲ್ಲ. ಇಂದಿನ ಸ್ಥಿತಿಯಲ್ಲಿ ಮಧುಮೇಹದ ಆರೋಪ ನಿಲ್ಲುವಂತಿಲ್ಲ. ರಕ್ತದೊತ್ತಡದ್ದು ಪೂರ್ತಿ ಬಿದ್ದುಹೋಗಿಲ್ಲ.

ತಡೆ

ಹಾನಿ ತಗ್ಗಿಸುವ ಕ್ರಮಗಳಲ್ಲಿ ಮುಖ್ಯವಾದವು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಹಂದಿಗಳ ಮೇಲೆ ನಡೆದ ಪ್ರಯೋಗಗಳಿಂದ ಬಂದವು. ಮೊದಲು ಕಡಿಮೆ ಶಕ್ತಿಯ ಕೆಲವು ಹೊಡೆತ ಕೊಟ್ಟು, ತುಸು ನಿಲ್ಲಿಸಿ, ನಂತರ ಶಕ್ತಿ ಏರಿಸಿದರೆ ಗಾಯ ಗಮನಾರ್ಹವಾಗಿ ಕಿರಿದಾಗುತ್ತದೆ. ಮೆತ್ತನೆಯ ಹೊಡೆತಕ್ಕೆ ಮೂತ್ರಪಿಂಡದ ರಕ್ತನಾಳಗಳು ಬಿಗಿದುಕೊಳ್ಳುವುದು ಇದಕ್ಕೆ ಕಾರಣವೆಂದು ತಿಳಿದಿದ್ದಾರೆ. ಎರಡನೆಯದು ವೇಗ. ನಿಮಿಷಕ್ಕೆ 120ರ ಬದಲು 60 ಹೊಡೆತ ಕೊಟ್ಟರೆ ಗಾಯವೂ ಕಡಿಮೆ, ಕಲ್ಲು ಒಡೆಯುವುದೂ ಚೆನ್ನ. ಬೇಗಬೇಗ ಹೊಡೆದರೆ ಹಿಂದಿನ ಹೊಡೆತದ ಗುಳ್ಳೆಗಳೇ ಮುಂದಿನದಕ್ಕೆ ಅಡ್ಡವಾಗುತ್ತವೆ. ಸುರಕ್ಷತೆಗೂ ಫಲಕ್ಕೂ ಜಗಳವಿಲ್ಲದ ಇಂಥ ಸಂದರ್ಭ ವೈದ್ಯಕೀಯದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹೋಗುವುದು ಸಮಯ ಮಾತ್ರ: 3000 ಹೊಡೆತಕ್ಕೆ 25 ನಿಮಿಷದ ಬದಲು 50 ನಿಮಿಷ. ಹೊರಗೆ ಸಾಲುಗಟ್ಟಿ ರೋಗಿಗಳು ಕಾದಿರುವ ಕಡೆ ಈ 25 ನಿಮಿಷವೇ ಮೊದಲು ಕತ್ತರಿಗೆ ಸಿಗುವುದು.

ಚರ್ಮಕ್ಕೂ ಯಂತ್ರದ ದಿಂಬಿಗೂ ನಡುವಿನ ಜೆಲ್‌ನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ತರಂಗ ಸೋರಿಹೋಗುತ್ತದೆ; ಕಲ್ಲು ಒಡೆಯುತ್ತಿಲ್ಲವೆಂದು ಶಕ್ತಿ ಏರಿಸುವ ಆಸೆ ಹುಟ್ಟುತ್ತದೆ. ಒಡೆಯದ ಕಲ್ಲಿಗೆ ಮತ್ತೆ ಮತ್ತೆ ಹೊಡೆಯುವುದೂ ಅಷ್ಟೇ ತಪ್ಪು. ಸಿ.ಟಿ. ಸ್ಕ್ಯಾನ್‌ನಲ್ಲಿ ಸಾಂದ್ರತೆ 1000 ಹೌನ್ಸ್‌ಫೀಲ್ಡ್ ಮಾನ ಮೀರಿದ ಕಲ್ಲುಗಳು, ಸಿಸ್ಟೀನ್ ಮತ್ತು ಬ್ರುಶೈಟ್ ಕಲ್ಲುಗಳು ಈ ತರಂಗಕ್ಕೆ ಜಗ್ಗುವುದು ಕಡಿಮೆ. ಅಂಥಲ್ಲಿ ಮೊದಲೇ ಬೇರೆ ವಿಧಾನ ಹಿಡಿಯುವುದು ಜಾಣತನ. ಮೂತ್ರದ ಕಲ್ಚರ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ರಕ್ತದೊತ್ತಡದ ಹತೋಟಿ, ಔಷಧಗಳ ಪೂರ್ತಿ ಪಟ್ಟಿ ಇವೆಲ್ಲ ಹಿಂದಿನ ದಿನವೇ ಆಗಬೇಕಾದವು.

ಮನೆಗೆ ಹೋದ ಮೇಲೆ ಚಳಿ ಬಂದು ಜ್ವರ ಏರಿದರೆ, ಮಾತ್ರೆಗೂ ಬಗ್ಗದ ನೋವಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಮೂತ್ರದಲ್ಲಿ ರಕ್ತದ ಹೆಪ್ಪುಗಳು ಬಂದರೆ ಅಥವಾ ಮೂತ್ರವೇ ಬರದಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಮರಳಬೇಕು. ಇವುಗಳಲ್ಲಿ ಯಾವುದೂ ಇಲ್ಲದವರಿಗೂ ಕೆಲವು ವಾರಗಳಲ್ಲಿ ಒಂದು ಸ್ಕ್ಯಾನ್ ಬೇಕು. ಮೂತ್ರನಾಳದಲ್ಲಿ ನಿಂತ ಚೂರು ನೋವು ಕೊಡದೆಯೂ ದಾರಿ ಮುಚ್ಚಬಲ್ಲದು. ಹಾಗೆ ಮುಚ್ಚಿ ತಿಂಗಳುಗಟ್ಟಲೆ ಗಮನಕ್ಕೆ ಬಾರದೆ ಹೋದ ಮೂತ್ರಪಿಂಡ ಕೆಲಸ ನಿಲ್ಲಿಸಿದ ಮೇಲೆಯೇ, ಬೇರಾವುದೋ ಕಾರಣಕ್ಕೆ ಮಾಡಿದ ಸ್ಕ್ಯಾನ್‌ನಲ್ಲಿ, ಪತ್ತೆಯಾಗುವುದುಂಟು.